ಹಬಿರೀಸ್ ಮಾವ ಲ್ಯಾಂಪು ಹಚ್ಚಿದ್ದು

ಆ ಚಳಿಗಾಲ ನನ್ನ ಮಗಳ ತೊಟ್ಟಿಲಿಗೂ ಹಬಿರೀಸ್ ಮಾವನ ಗಾಡಿಗೂ ನಡುವೆ ಇದ್ದದ್ದು ಒಂದು ಮರದ ಗೋಡೆ, ಅಷ್ಟೆ. ಗೋಡೆಯ ಆಚೆ ಗಾಡಿ ಹಗಲೂ ರಾತ್ರಿ ಗುರ್ ಎನ್ನುತ್ತಿತ್ತು, ಈಚೆ ಐತಾಲಿನಾ ಉಸಿರಾಡುತ್ತಿದ್ದಳು. ನನಗೆ ಎರಡೂ ಸದ್ದು ಕೇಳುತ್ತಿತ್ತು. ಒಂದು ನಿಂತರೆ ಎಷ್ಟು ನೆಮ್ಮದಿ ಎಂದುಕೊಳ್ಳುತ್ತಿದ್ದೆ, ಇನ್ನೊಂದು ನಿಂತರೆ ಎಂದು ಎದ್ದೆದ್ದು ಕೂರುತ್ತಿದ್ದೆ.

ಹಬಿರೀಸ್ ಮಾವ ನನ್ನ ಗಂಡ ಎರೆಲನ ದೊಡ್ಡಪ್ಪ. ತಂದೆಯಿಲ್ಲದ ಎರೆಲನನ್ನು ಸಾಕಿದ್ದು ಅವರೇ. ಎರೆಲ ಕುದುರೆ ಮಂದೆಯ ಜೊತೆ ದೂರದ ಹುಲ್ಲುಗಾವಲಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಆಗ ಮನೆಯಲ್ಲಿ ಉಳಿಯುವವರು ಮಾವ, ಅವರ ಹೆಂಡತಿ ದಾರ್ಯಾ ಅತ್ತೆ, ನಾನು ಮತ್ತು ಇನ್ನೂ ವರ್ಷ ತುಂಬದ ಐತಾಲಿನಾ. ಸೈಬೀರಿಯಾದ ಯಾಕುತ್ಸ್ಕ್ ನಗರದಲ್ಲಿ ಓದಿ, ಬಿಸಿನೀರಿನ ಕೊಳವೆ ಗೋಡೆಯೊಳಗೇ ಹರಿಯುವ ಮನೆಯಲ್ಲಿ ಬೆಳೆದು ಬಂದವಳಿಗೆ, ನದಿಯಿಂದ ಐಸುಗಡ್ಡೆ ಕಡಿದು ತಂದು ಪೀಪಾಯಿಯಲ್ಲಿ ಕರಗಿಸಿ ಕುಡಿಯುವ ಈ ಊರಿನಲ್ಲಿ ಎಲ್ಲವೂ ಮಗುವಿಗೆ ಅಪಾಯವೆಂದೇ ತೋರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಗಾಡಿಯ ಹೊಗೆ.

ಮಾವ ಊರಿಗೂ ಜಿಲ್ಲಾ ಪಟ್ಟಣಕ್ಕೂ ನಡುವೆ, ಹೆಪ್ಪುಗಟ್ಟಿದ ನದಿಯ ಮೇಲೆ, ಜನರನ್ನು ಸಾಗಿಸುವ ಡ್ರೈವರು. ಗಾಡಿ ಬೂದುಬಣ್ಣದ ಹಳೇ ವ್ಯಾನು. ಬೇಕರಿಯ ಇಡೀ ಬ್ರೆಡ್ಡಿನ ಆಕಾರ, ಆದ್ದರಿಂದ ಊರಿಗೆಲ್ಲ ಅದು 'ಬ್ರೆಡ್ಡು'. ಎಂಜಿನ್ನು ಮುಂದಿನ ಎರಡು ಸೀಟುಗಳ ಮಧ್ಯದಲ್ಲಿ, ಒಂದು ಡಬ್ಬದ ಕೆಳಗೆ ಕೂತಿದೆ. ಅದಕ್ಕೆ ದಾರ್ಯಾ ಅತ್ತೆ ಹಳೇ ಕಂಬಳಿಗಳನ್ನು ಸೇರಿಸಿ ಹೊಲಿದ ದಪ್ಪ ಹೊದಿಕೆ. ನನ್ನ ಮಗಳ ಹೊದಿಕೆಗಿಂತ ಅದೇ ದಪ್ಪ ಎಂದು ಒಮ್ಮೆ ನಾನು ಅಂದಾಗ ಅತ್ತೆ, "ಅದಕ್ಕೆ ತಾಯಿ ಇಲ್ವಲ್ಲ ಮಗಳೇ" ಎಂದು ನಕ್ಕಿದ್ದರು.

ಊರಿನ ಬೇರೆ ಗಾಡಿಗಳ ರೀತಿಯೇ ಬೇರೆ. ಸಂಜೆ ಕೆಲಸ ಮುಗಿದ ಮೇಲೆ ಡ್ರೈವರುಗಳು ಎಂಜಿನ್ನಿನ ಎಣ್ಣೆಯನ್ನು ಬಕೆಟ್ಟಿಗೆ ಬಸಿದು, ಬ್ಯಾಟರಿ ಬಿಚ್ಚಿ, ಎರಡನ್ನೂ ಮನೆಯೊಳಗೆ ಒಲೆಯ ಪಕ್ಕ ಮಲಗಿಸುತ್ತಾರೆ. ಬೆಳಿಗ್ಗೆ ಪಂಪು ಹೊಡೆದು ಹಚ್ಚುವ ಪೆಟ್ರೋಲಿನ ಲ್ಯಾಂಪನ್ನು ಎಂಜಿನ್ನಿನ ಕೆಳಗಿಟ್ಟು ಕಾಯಿಸುತ್ತಾರೆ. ಜನವರಿಯ ಮಂಜಿನಲ್ಲಿ ನಮ್ಮ ಓಣಿಯುದ್ದಕ್ಕೂ ಗಾಡಿಗಳ ಹೊಟ್ಟೆಯ ಕೆಳಗೆ ನೀಲಿ ಬೆಂಕಿ ಬುಸುಗುಡುತ್ತದೆ. ಹಬಿರೀಸ್ ಮಾವ ಮಾತ್ರ ಚಳಿ ಬಿದ್ದ ದಿನ ಹಚ್ಚಿದ ಎಂಜಿನ್ನನ್ನು ಐಸು ಕರಗುವವರೆಗೆ ಆಫ್ ಮಾಡುತ್ತಿರಲಿಲ್ಲ. ನಡುರಾತ್ರಿ ಎದ್ದು ಹೋಗಿ ಒಂದಿಷ್ಟು ಆಕ್ಸಿಲರೇಟರ್ ಒತ್ತಿ ಬರುತ್ತಿದ್ದರು. ಊಟವನ್ನೂ ಕಿಟಕಿಯ ಕಡೆ ಕಿವಿ ಕೊಟ್ಟುಕೊಂಡೇ ಮಾಡುತ್ತಿದ್ದರು. "ಹಬಿರೀಸ ಸತ್ತ ದಿನ ಗಾಡಿ ಆಫ್ ಮಾಡೋಕೆ ಯಾರಿಗೂ ಗೊತ್ತಾಗಲ್ಲ, ಹಾಗೇ ಜೊತೇಲಿ ಹೂಳಬೇಕಾಗುತ್ತೆ" ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಮಾವನಿಗೆ ನಗು ಬರುತ್ತಿರಲಿಲ್ಲ.

ನಾನು ಒಂದೆರಡು ಸಲ ಕೇಳಿದ್ದೆ. "ಮಾವ, ಹೊಗೆ ಮಗುಗೆ ಬಡಿಯುತ್ತೆ. ರಾತ್ರಿ ಹೊತ್ತಾದ್ರೂ ಆಫ್ ಮಾಡಿ."

"ಹೊಗೆ ಮೇಲಕ್ಕೆ ಹೋಗುತ್ತಮ್ಮ."

"ಈ ಚಳೀಲಿ ಎಲ್ಲಿ ಮೇಲಕ್ಕೆ ಹೋಗುತ್ತೆ? ನೆಲಕ್ಕೇ ಮಲಗುತ್ತೆ."

ಅವರು ಹೊಗೆ ಕೊಳವೆ ಓಣಿಯ ಕಡೆಗಿರುವಂತೆ ಗಾಡಿ ತಿರುಗಿಸಿ ನಿಲ್ಲಿಸಿದರು, ಆಫ್ ಮಾಡಲಿಲ್ಲ.

ಯಾಕೆಂದು ಹೇಳಿದ್ದು ದಾರ್ಯಾ ಅತ್ತೆ. ಅಂಗಡಿಯಿಂದ ತಂದ ಹಾಲಿನ ಬಿಲ್ಲೆಯನ್ನು, ಬಟ್ಟಲಲ್ಲಿ ಹೆಪ್ಪುಗಟ್ಟಿಸಿ ಗೋಣಿಯಲ್ಲಿ ಮಾರುವ ಹಾಲನ್ನು, ಪಾತ್ರೆಗೆ ಹಾಕಿ ಕರಗಿಸುತ್ತ ಕೂತಿದ್ದಾಗ ಅವರು ದನಿ ತಗ್ಗಿಸಿದರು.

"ನೀನು ಬರೋಕೆ ಮುಂಚೆ ಇದ್ದದ್ದು ಬೇರೆ ಬ್ರೆಡ್ಡು. ಅದು ಸುಟ್ಟುಹೋಯ್ತು. ಅವರೇ ಲ್ಯಾಂಪು ಇಟ್ಟಿದ್ರು. ಪೆಟ್ರೋಲ್ ಪೈಪಿನ ಜಾಯಿಂಟಲ್ಲಿ ತೊಟ್ಟಿಕ್ಕುತ್ತಿತ್ತು, ಕತ್ತಲಲ್ಲಿ ಕಾಣಲಿಲ್ಲ. ಅಗ್ರಪೇನಕ್ಕ ಹೊರಗೆ ನಡುಗ್ತಾ ನಿಂತಿದ್ದಳು. 'ಒಳಗೆ ಕೂತ್ಕೋ ಅಕ್ಕಾ, ಗಾಳಿ ತಾಗಲ್ಲ' ಅಂತ ಇವರೇ ಕೂರಿಸಿದ್ರು. ಭಗ್ ಅಂತು. ಕುತ್ತಿಗೆ ಪಟ್ಟಿ ಹಿಡಿದು ಎಳೆದು ಹಾಕಿದ್ರು. ಅವಳ ಜಡೆ ಹೋಯ್ತು, ಇವರ ಬೆರಳು ಹೋಯ್ತು."

ಮಾವನ ಎಡಗೈಯ ಮೂರು ಬೆರಳು ಮಡಚುವುದಿಲ್ಲ ಎಂಬುದನ್ನು ನಾನು ನೋಡಿದ್ದೆ. ಚಳಿಗೆ ಹಾಗಾಗಿದೆ ಎಂದುಕೊಂಡಿದ್ದೆ.

"ಆಮೇಲೆ ಲ್ಯಾಂಪು ಮುಟ್ಟಿಲ್ಲ. ಆಫ್ ಮಾಡಿದ್ರೆ ತಾನೇ ಹಚ್ಚಬೇಕಾಗೋದು?" ಎಂದರು ಅತ್ತೆ. "ನಾನು ಹಚ್ಚಿಕೊಡ್ತೀನಿ ಅಂದ್ರೆ ಬೇಡ. ನೆರೆಯವರು ಬಂದ್ರೆ ಬೇಡ. ಹೇಳಬೇಡ ಯಾರಿಗೂ. ಊರಿಗೆಲ್ಲ ಗೊತ್ತು, ಆದ್ರೂ ಹೇಳಬೇಡ."

ಅಗ್ರಪೇನಜ್ಜಿ ಓಣಿಯ ಕೊನೆಯ ಮನೆಯವಳು. ಅವಳಿಗೆ ಆ ಬೆಂಕಿ ಒಂದು ತಮಾಷೆಯ ಕಥೆ, ಅಲ್ಲಿಯವರೆಗೆ ನಾನೂ ಅದನ್ನು ಬರೀ ತಮಾಷೆ ಎಂದೇ ತಿಳಿದಿದ್ದೆ. ಯಾರ ಮನೆಗೆ ಹೋದರೂ, ಮೀನು ಸುಡುವುದನ್ನು ಕಂಡರೆ ಸಾಕು, "ಹಬಿರೀಸ ನನ್ನನ್ನೂ ಹೀಗೇ ಕಡ್ಡಿಗೆ ಚುಚ್ಚಿದ್ದ. ಉಪ್ಪು ಹಾಕೋದು ಮರೆತ, ಅದಕ್ಕೇ ಎಳೆದು ಬಿಸಾಕಿದ" ಎನ್ನುತ್ತಿದ್ದಳು. ಮತ್ತೆ ಬೆಳೆದ ಜಡೆ ಹೆಗಲ ತನಕ ಬಂದಿತ್ತು. ಈ ಮಾತು ಕಿವಿಗೆ ಬಿದ್ದರೆ ಮಾವ ಎದ್ದು ಹೊರಗೆ ಹೋಗುತ್ತಿದ್ದರು, ಗಾಡಿ ನೋಡುವ ನೆಪದಲ್ಲಿ.

ಇಲ್ಲಿನವರಿಗೆ ಚಳಿಗಾಲವೆಂದರೆ ಒಂದು ಹೋರಿ, ಅದರ ಕೊಂಬು ಮುರಿದರೆ ಚಳಿ ಇಳಿಯತೊಡಗುತ್ತದೆ. ಮೊದಲ ಕೊಂಬು ಮುರಿಯುವ ಕಾಲ ಹತ್ತಿರ ಬರುತ್ತಿತ್ತು. ಅದು ಮುರಿಯುವ ಮುಂಚೆಯೇ ಹೋರಿ ಹೆಚ್ಚು ಗುಮ್ಮುವುದು ಎನ್ನುತ್ತಾರೆ ಇಲ್ಲಿನವರು. ಥರ್ಮಾಮೀಟರಿನ ಕೆಂಪು ಗೆರೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ ಇಳಿದು ಅಲ್ಲೇ ಕೂತಿತು. ಹೊರಗೆ ಉಸಿರು ಬಿಟ್ಟರೆ ಅದು ಹೆಪ್ಪುಗಟ್ಟಿ ಕಿವಿಯ ಪಕ್ಕ ಜರಿ ಜರಿ ಎಂದು ಸದ್ದಾಗುತ್ತಿತ್ತು. ಐತಾಲಿನಾಗೆ ಕೆಮ್ಮು ಶುರುವಾಗಿ ಮೂರು ದಿನವಾಗಿತ್ತು. ನಾನು ಅವಳ ಪಕ್ಕೆಲುಬನ್ನೇ ನೋಡುತ್ತ ಕೂರುತ್ತಿದ್ದೆ. ಉಸಿರೆಳೆದಾಗ ಕೆಳಗೆ ಗುಳಿ ಬೀಳುತ್ತಿದೆಯೋ ಇಲ್ಲವೋ. ಒಮ್ಮೆ ಬಿದ್ದ ಹಾಗೆ, ಒಮ್ಮೆ ಇಲ್ಲದ ಹಾಗೆ. ಅತ್ತೆಯನ್ನು ಕರೆದು ತೋರಿಸುವಷ್ಟರಲ್ಲಿ ಮಗು ನಕ್ಕುಬಿಡುತ್ತಿತ್ತು.

ಆ ದಿನ ಬೆಳಿಗ್ಗೆ ನನಗೆ ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ.

ಹಾರಿ ತೊಟ್ಟಿಲಿಗೆ ಕಿವಿ ಇಟ್ಟೆ. ಮಗು ಉಸಿರಾಡುತ್ತಿತ್ತು, ಆದರೆ ಗೊರ ಗೊರ, ಮೂಗಿನ ಹೊಳ್ಳೆ ಅರಳಿಸಿಕೊಂಡು. ಮೈ ಕೆಂಡ. ನಿಂತದ್ದು ಗಾಡಿ.

ಬಾಗಿಲು ತೆರೆದು ಮಾವ ಮಂಜಿನ ಮೋಡದ ಜೊತೆ ಒಳಗೆ ಬಂದರು. ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡದೆ ಅತ್ತೆಗೆ ಹೇಳಿದರು. "ಎಣ್ಣೆ ಕಕ್ಕಿತು."

ಆಮೇಲೆ ಗೊತ್ತಾದದ್ದು ಇಷ್ಟು. ಎಂಜಿನ್ನಿಗೂ ಉಸಿರು ಬಿಡುವ ಒಂದು ಕೊಳವೆ ಇದೆ. ಅಷ್ಟು ಚಳಿಯಲ್ಲಿ ನಿಂತಲ್ಲೇ ದಿನಗಟ್ಟಲೆ ಓಡಿದರೆ ಒಳಗಿನ ಹಬೆ ಆ ಕೊಳವೆಯಲ್ಲೇ ಐಸಾಗುತ್ತದೆ. ಓಣಿಯ ಬೇರೆಯವರು ದಿನವೂ ಗಾಡಿ ನಿಲ್ಲಿಸುತ್ತಿದ್ದರು, ಮತ್ತೆ ಕಾಯಿಸುವಾಗ ಅದು ಕರಗಿಹೋಗುತ್ತಿತ್ತು. ನಮ್ಮ ಬ್ರೆಡ್ಡಿನ ಉಸಿರು ಕಟ್ಟಿತ್ತು. ಹೊರಗೆ ಹೋಗಲಾರದ ಒತ್ತಡ ಎಣ್ಣೆ ಅಳೆಯುವ ಕಡ್ಡಿಯನ್ನು ಚಿಮ್ಮಿಸಿ ಎಣ್ಣೆಯನ್ನೆಲ್ಲ ಹೊರಕ್ಕೆ ಕಕ್ಕಿಸಿತ್ತು. ದನಿ ಬದಲಾದದ್ದನ್ನು ಕೇಳಿ ಮಾವ ಓಡಿಹೋಗಿ ತಾವೇ ಕೀ ತಿರುಗಿಸಿದ್ದರು. ಇಲ್ಲದಿದ್ದರೆ ಎಣ್ಣೆಯಿಲ್ಲದ ಎಂಜಿನ್ನು ಒಳಗೇ ಜಾಮ್ ಆಗಿಬಿಡುತ್ತಿತ್ತು. ಕಿಟಕಿಯ ಹೊರಗೆ ಹಿಮದ ಮೇಲೆ ಕರಿ ಕಲೆ, ಮಾಂಸಕ್ಕೆಂದು ಕುದುರೆ ಕಡಿದ ಜಾಗದ ಹಾಗೆ.

"ಮಾವ, ಮಗು ನೋಡಿ" ಎಂದೆ.

ಅವರು ಬಂದು ನೋಡಿದರು. ಅತ್ತೆ ಆಗಲೇ ಶಾಲು ಸುತ್ತಿಕೊಂಡು ನರ್ಸಮ್ಮನನ್ನು ಕರೆತರಲು ಹೊರಟಿದ್ದರು.

ನರ್ಸಮ್ಮ ಬಂದು ಮಗುವಿನ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಒಂದು ಇಂಜೆಕ್ಷನ್ ಕೊಟ್ಟು, "ಇಲ್ಲಿ ಆಗಲ್ಲ. ಆಮ್ಲಜನಕ ಬೇಕು. ಈವತ್ತೇ ಪಟ್ಟಣಕ್ಕೆ" ಎಂದಳು. ಆಸ್ಪತ್ರೆಗೆ ಫೋನು ಮಾಡಿದಳು. ಅವರ ಗಾಡಿ ನದಿಯ ಆ ಬದಿಯ ಊರಿಗೆ ಹೆರಿಗೆಗೆ ಹೋಗಿತ್ತು. ಮಂಜಿಗೆ ಹೆಲಿಕಾಪ್ಟರ್ ಏಳುವ ಹಾಗಿಲ್ಲ. ಊರಿನ ಓಡುವ ಗಾಡಿಗಳೆಲ್ಲ ಅಂಗಡಿಗೆ ಸಾಮಾನು ತರಲು ಹಿಂದಿನ ದಿನವೇ ಹೋಗಿದ್ದವು. ಉಳಿದವು ವಸಂತದವರೆಗೆ ಮಲಗಿದಂಥವು.

"ಬ್ರೆಡ್ಡು ಇದೆಯಲ್ಲ, ಅದು ಯಾವಾಗಲೂ ಓಡ್ತಾನೇ ಇರುತ್ತೆ" ಎಂದಳು ನರ್ಸಮ್ಮ. ಆಗ ಅವಳಿಗೂ ಸದ್ದಿಲ್ಲದ್ದು ಕೇಳಿಸಿತು.

ಮಾವ ಕೆಲಸಕ್ಕೆ ಬಿದ್ದರು. ಉಸಿರು ಕೊಳವೆ ಬಿಚ್ಚಿ ತಂದು ಒಲೆಯ ಮೇಲಿಟ್ಟರು. ಐಸು ಚೊಯ್ ಎಂದು ಕರಗಿತು. ಶೆಡ್ಡಿನಿಂದ ತಂದ ಹೊಸ ಎಣ್ಣೆ ಡಬ್ಬಿಯೊಳಗೆ ಹಳೇ ಜೇನಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಬಕೆಟ್ಟಿಗೆ ಸುರಿದು, ಸುರಿಯುವುದೆಲ್ಲಿ, ಕೆರೆದು ಹಾಕಿ, ಒಲೆಗೇರಿಸಿದರು. ಬ್ಯಾಟರಿ ಬಿಚ್ಚಿ ತಂದು ನನ್ನ ಮಗಳ ತೊಟ್ಟಿಲಿನ ಹತ್ತಿರವೇ ಇಟ್ಟರು. ಬೇರೆ ದಿನವಾದರೆ ಆಸಿಡ್ಡು ಅದು ಇದು ಎಂದು ಕೂಗಾಡುತ್ತಿದ್ದೆ. ಆ ದಿನ ನಾನೇ ಅದಕ್ಕೆ ಕಂಬಳಿ ಹೊದಿಸಿದೆ.

ಆದರೆ ಎಂಜಿನ್ನು ಹೊರಗೆ ತಣ್ಣಗಾಗುತ್ತಿತ್ತು. ಅದನ್ನು ಒಳಗೆ ತರುವ ಹಾಗಿಲ್ಲ. ಮಾವ ಒಲೆಯ ಕೆಂಡವನ್ನು ತಗಡಿನ ಬಾಂಡ್ಲಿಯಲ್ಲಿ ತುಂಬಿಕೊಂಡು ಹೋಗಿ ಎಂಜಿನ್ನಿನ ಕೆಳಗಿನ ಎಣ್ಣೆ ಚೇಂಬರಿಗೆ ಹಿಡಿದರು. ಕೆಂಡ ಕಣ್ಣೆದುರಿಗೇ ಬೂದಿಯಾಯಿತು. ಮತ್ತೆ ಬಂದರು, ಮತ್ತೆ ತುಂಬಿಕೊಂಡರು, ಮತ್ತೆ ಹೋದರು. ಮನೆಯೊಳಗಿನ ಬಿಸಿಯೆಲ್ಲ ಬಾಂಡ್ಲಿಯಲ್ಲಿ ಹೊರಗೆ ಹೋಗುತ್ತಿತ್ತು. ಎಂಜಿನ್ನನ್ನು ಕೈಯಿಂದ ಸುತ್ತುವ ಹ್ಯಾಂಡಲ್ ಹಾಕಿ ತಿರುಗಿಸಿದರೆ ಕಲ್ಲಿಗೆ ಹಾಕಿದ ಹಾಗೆ ಕದಲಲಿಲ್ಲ.

"ಲ್ಯಾಂಪು ತರಲಾ?" ಎಂದರು ಅತ್ತೆ, ಬಾಗಿಲಲ್ಲಿ ನಿಂತು.

"ಕೆಂಡ ಸಾಕು."

"ಸಾಕಾಗಲ್ಲ ಅಂತ ನಿಮಗೇ ಗೊತ್ತು. ನಾನು ಹಚ್ಚಲಾ?"

"ನನ್ನ ಗಾಡಿಗೆ ಬೇರೆಯವರ ಬೆಂಕಿ ಬೇಡ."

"ಮಗುಗೆ ಬೇಡ ಅಂತ ಹೇಳ್ತಿದ್ದೀರಾ?"

ಆ ಮಾತು ಕೇಳಿದ ಮೇಲೆ ಅವರು ಬಾಂಡ್ಲಿ ಕೆಳಗಿಟ್ಟರು. ಅತ್ತೆ ಶೆಡ್ಡಿಗೆ ಹೋಗಿ, ಮೊಳೆಗೆ ತೂಗುಹಾಕಿದ್ದ ಲ್ಯಾಂಪನ್ನು ಸುತ್ತಿದ ಬಟ್ಟೆಯ ಸಮೇತ ತಂದು ಊಟದ ಮೇಜಿನ ಮೇಲಿಟ್ಟರು. ಮಾವ ಬಟ್ಟೆ ಬಿಡಿಸಿದರು. ಬಲಗೈಯಲ್ಲಿ ಪಂಪಿನ ಹಿಡಿ ಹಿಡಿದರು. ಒತ್ತದೆ ಬಿಟ್ಟರು, ಮತ್ತೆ ಹಿಡಿದರು. ನಾನು ಮಗುವನ್ನು ಎದೆಗೊತ್ತಿಕೊಂಡು ಅವರ ಕೈಯನ್ನೇ ನೋಡುತ್ತಿದ್ದೆ. ಈ ಕೈಯ ಬೆಂಕಿಯ ಮೇಲೆ ಕೂತು ನನ್ನ ಮಗಳು ಹೋಗಬೇಕೇ ಎಂದು ಭಯ, ಹೋಗದಿದ್ದರೆ ಎಂದು ಅದಕ್ಕಿಂತ ದೊಡ್ಡ ಭಯ.

ಆಗ ಬಂದಳು ಅಗ್ರಪೇನಜ್ಜಿ, ಮಂಜು ಕೊಡವುತ್ತ.

"ಏನ್ರೋ, ಊರಿಗೆ ಊರೇ ಕಿವುಡಾಯ್ತು ಅಂದ್ಕೊಂಡೆ. ಗಾಡಿ ಯಾಕೆ ಸುಮ್ಮನಾಯ್ತು? ನಾನು ಈವತ್ತು ಪಟ್ಟಣಕ್ಕೆ ಹೋಗಬೇಕು, ನನ್ನ ಹಲ್ಲಿನ ಸೆಟ್ಟು ರೆಡಿ ಇದೆಯಂತೆ." ಆಮೇಲೆ ಮಗುವಿನ ಉಸಿರು ಕೇಳಿತು. ಮೇಜಿನ ಮೇಲಿನ ಲ್ಯಾಂಪು ಕಂಡಿತು. ಬಿಚ್ಚುತ್ತಿದ್ದ ಶಾಲನ್ನು ಮತ್ತೆ ಬಿಗಿದುಕೊಂಡಳು.

"ಯಾರೂ ಗಾಡಿ ಹತ್ತಿರ ಬರಕೂಡದು" ಎಂದು ಮಾವ ಲ್ಯಾಂಪು ಎತ್ತಿಕೊಂಡು ಹೊರಟರು.

ಕಿಟಕಿಯ ಗಾಜಿನ ಐಸನ್ನು ಉಗುರಿನಿಂದ ಕೆರೆದು ನಾನು ನೋಡಿದೆ. ಮಾವ ಹಳೇ ಕುದುರೆ ಚರ್ಮ ಹಾಸಿ ಮೊಣಕಾಲೂರಿದ್ದರು. ಲ್ಯಾಂಪಿನ ಬಟ್ಟಲಿಗೆ ಒಂದಿಷ್ಟು ಪೆಟ್ರೋಲು ಹಾಕಿ ಕಡ್ಡಿ ಗೀರಿದರು. ಗೀರಿದ ಕಡ್ಡಿ ಹಿಡಿದುಕೊಂಡೇ ಇದ್ದರು, ಅದು ಬೆರಳಿನವರೆಗೆ ಉರಿದು ಆರಿತು. ಇನ್ನೊಂದು ಗೀರಿದರು. ಅದೂ ಹಾಗೇ. ಹಿಮದಲ್ಲಿ ಕಪ್ಪು ಕಡ್ಡಿಗಳು ಬೀಳುತ್ತಿದ್ದವು.

ಮಗು ಕೆಮ್ಮಲು ಶುರುಮಾಡಿತು, ಕೆಮ್ಮು ಮುಗಿಯಲಿಲ್ಲ. ತುಟಿಯ ಅಂಚು ನೀಲಿಯಾದ ಹಾಗೆ ಕಂಡಿತು. ನಾನು ಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಅಗ್ರಪೇನಜ್ಜಿ ನನಗಿಂತ ಮುಂಚೆ ಹೊರಗೆ ಹೋಗಿದ್ದಳು. ಹಿಮದಲ್ಲಿ ಕುಂಟುತ್ತ ಹೋಗಿ, ಗಾಡಿಯ ಬಾಗಿಲು ಎಳೆದು, ಎಂಜಿನ್ ಡಬ್ಬದ ಪಕ್ಕದ ಸೀಟಿಗೆ ಹತ್ತಿ ಕೂತಳು. ಸುಟ್ಟುಹೋದ ಗಾಡಿಯಲ್ಲಿ ಅವಳು ಕೂತಿದ್ದದ್ದೂ ಅದೇ ಜಾಗದಲ್ಲಿ.

"ಇಳೀ ಅಕ್ಕಾ!" ಮಾವ ಕೆಳಗಿನಿಂದ ಕೂಗಿದರು.

"ಇಳಿಯಲ್ಲ."

"ಹುಚ್ಚು ಹಿಡಿದಿದೆಯಾ ನಿನಗೆ? ಇಳೀ ಅಂದ್ರೆ ಇಳೀ."

"ಹೋದ ಸಲ ನೀನು ಕೂರಿಸಿದ್ದೆ. ಈ ಸಲ ನಾನೇ ಕೂತಿದ್ದೀನಿ. ಈಗ ಸುಟ್ಟುಹೋದ್ರೆ ತಪ್ಪು ನಂದು, ನಿಂದಲ್ಲ. ಹಚ್ಚು."

"ಹಲ್ಲಿಲ್ಲದ ಮುದುಕಿ, ನಿನ್ನ ಜೀವಕ್ಕೆ ಬೆಲೆ ಇಲ್ವಾ?"

"ಇದೆಯಪ್ಪಾ. ಅದಕ್ಕೇ ಪೈಪಿನ ಜಾಯಿಂಟು ನೋಡ್ಕೊಂಡು ಹಚ್ಚು ಅಂತಿರೋದು. ಬೇಗ! ನಂಗೂ ಚಳಿಯಾಗುತ್ತೆ. ಸುಟ್ಟ ಮೀನಾಗ್ತೀನಿ ಅಂದ್ಕೊಂಡ್ರೆ ಹೆಪ್ಪುಗಟ್ಟಿದ ಮೀನಾಗೋ ಹಾಗಿದೆ."

ಮಾವ ಅವಳನ್ನು ಬೈದರು. ನಾನು ಆ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲ. ಅಗ್ರಪೇನಜ್ಜಿಯ ತಾಯಿ, ಅಜ್ಜಿ, ಅವಳ ಬರಲಿರುವ ಹಲ್ಲು, ಯಾವುದನ್ನೂ ಬಿಡಲಿಲ್ಲ. ಬೈಯುತ್ತಲೇ ಎದ್ದರು. ಬೈಯುತ್ತಲೇ ಟಾರ್ಚು ಹಿಡಿದು ಪೆಟ್ರೋಲ್ ಪೈಪಿನ ಒಂದೊಂದು ಜಾಯಿಂಟಿಗೂ ಮೂಗಿಟ್ಟು ನಾಯಿಯ ಹಾಗೆ ಮೂಸಿದರು, ಬಿಳಿ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ನೋಡಿದರು. ಮತ್ತೆ ಮೊಣಕಾಲೂರಿ ಕಡ್ಡಿ ಗೀರಿದರು. ಬಟ್ಟಲಿನ ಹಳದಿ ಉರಿ ಎದ್ದಿತು. ಪಂಪು ಹೊಡೆದರು. ಉರಿ ಒಮ್ಮೆ ಉಗುಳಿ, ಬುಸ್ಸೆಂದು ನೀಲಿಯಾಯಿತು.

ಅವರ ಮುಖ ಹೇಗಿತ್ತೋ ಏನೋ. ಅಷ್ಟು ದೂರದಿಂದ ಕಾಣುತ್ತಿರಲಿಲ್ಲ.

"ಬಾಗಿಲು ಮುಚ್ಚು! ಮಗುನ ಹೊರಗೆ ಹಿಡಿದು ನಿಂತಿದ್ದೀಯಲ್ಲ" ಎಂದು ದಾರ್ಯಾ ಅತ್ತೆ ನನ್ನನ್ನು ಒಳಗೆಳೆದರು. ಅವರ ಕಣ್ಣೂ ಕಿಟಕಿಯ ಆಚೆಯೇ ಇತ್ತು.

ಆ ಬೆಂಕಿ ಎಷ್ಟು ಹೊತ್ತು ಉರಿಯಿತೋ ನಾನು ಹೇಳಲಾರೆ. ಲ್ಯಾಂಪಿನ ಬುಸುಗುಟ್ಟುವಿಕೆ, ಅದರ ಮೇಲೆ ಅಗ್ರಪೇನಜ್ಜಿಯ ಗೊಣಗಾಟ. "ಎಡಗಡೆ ತಣ್ಣಗಿದೆ ಕಣೋ, ಆ ಕಡೆ ಹಿಡಿ. ನನ್ನ ಕಾಲಿಗೆ ಗೊತ್ತಾಗುತ್ತೆ." ಮಾವ ಲ್ಯಾಂಪು ಆರಿಸಿ ದೂರ ಇಟ್ಟು ಒಳಗೆ ಬಂದು ಬಿಸಿ ಎಣ್ಣೆಯ ಬಕೆಟ್ಟು, ಬ್ಯಾಟರಿ ಒಯ್ದರು. ಹ್ಯಾಂಡಲ್ ಹಾಕಿದರು. ಮೊದಲು ಅರ್ಧ ಸುತ್ತು. ಆಮೇಲೆ ಒಂದು ಸುತ್ತು. ಎಂಜಿನ್ನು ಕೆಮ್ಮಿತು. ನಾನು ತೊಡೆಯ ಮೇಲಿನ ಮಗುವನ್ನು ನೋಡಿದೆ, ಅದು ಕೆಮ್ಮಿತೆಂದುಕೊಂಡು. ಮತ್ತೆ ಕೆಮ್ಮಿ, ಸ್ಟಾರ್ಟ್ ಆಯಿತು.

ಹೊರಡುವ ಮುಂಚೆ ಅತ್ತೆ ಒಂದು ತುಂಡು ದೋಸೆಗೆ ಬೆಣ್ಣೆ ಸವರಿ ಒಲೆಯ ಬೆಂಕಿಗೆ ಹಾಕಿ ಏನೋ ಬೇಡಿಕೊಂಡರು. ದಾರಿಯಲ್ಲಿ ಕೆಟ್ಟದ್ದು ತಾಗದಿರಲೆಂದು ಒಲೆಯ ಮಸಿ ತೆಗೆದು ಐತಾಲಿನಾಳ ಮೂಗಿನ ತುದಿಗೆ ಹಚ್ಚಿದರು. ಆಮೇಲೆ ಅದೇ ಬೆರಳಿನಿಂದ ಮಾವನ ಮೂಗಿಗೂ ಹಚ್ಚಿದರು. ಮಾವ ಬಗ್ಗಿ ಹಚ್ಚಿಸಿಕೊಂಡರು.

ನದಿಯ ಮೇಲಿನ ದಾರಿಯಲ್ಲಿ ಯಾವಾಗ ಮುಟ್ಟುತ್ತೇವೆ ಎಂದು ಕೇಳಬಾರದು. ದಾರಿಗೆ ಕೇಳಿಸುತ್ತದೆ ಎನ್ನುತ್ತಾರೆ. ಆ ಪ್ರಶ್ನೆಯನ್ನು ನುಂಗಿಕೊಂಡು ಕೂತೆ. ನಿಂತಲ್ಲೇ ಚಳಿಗೆ ಗಟ್ಟಿಯಾಗಿ ಟೈರುಗಳ ಒಂದು ಬದಿ ಚಪ್ಪಟೆಯಾಗಿದ್ದರಿಂದ ಮೊದಮೊದಲು ಗಾಡಿ ಕುದುರೆಯ ಹಾಗೆ ಕುಪ್ಪಳಿಸಿತು. ಎದುರಿಗೆ ಮಂಜು ಬಿಟ್ಟರೆ ಏನೂ ಇಲ್ಲ. ನಾನು ಮಗುವಿನ ಮುಖ ಮುಚ್ಚಿದ ತುಪ್ಪಟವನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದೆ.

"ಎತ್ತಬೇಡವೇ, ತಣ್ಣನೆ ಗಾಳಿ ಹೋಗುತ್ತೆ" ಎಂದಳು ಅಗ್ರಪೇನಜ್ಜಿ. "ಕೈ ಒಳಗಿಟ್ಟು ಎದೆ ಮುಟ್ಟಿಕೊಂಡಿರು. ಎದೆ ಏರುತ್ತಾ ಇಳಿಯುತ್ತಾ ಇದ್ರೆ ಸಾಕು."

ಏರುತ್ತಿತ್ತು, ಇಳಿಯುತ್ತಿತ್ತು. ಬಹಳ ಬೇಗ ಬೇಗ.

ಅರ್ಧ ದಾರಿಯಲ್ಲಿ ಮಾವ ಒಮ್ಮೆ ನಿಲ್ಲಿಸಿ, ಇಳಿದು, ಎಂಜಿನ್ನಿನ ಉಸಿರು ಕೊಳವೆಗೆ ಕೈಗವಸು ತೆಗೆದು ಅಂಗೈ ಹಿಡಿದು ನೋಡಿ ಬಂದರು. ಮತ್ತೆ ಗೇರು ಹಾಕಿದರು.

ಆಸ್ಪತ್ರೆಯಲ್ಲಿ ಎರಡೂ ಕಡೆಯ ಶ್ವಾಸಕೋಶಕ್ಕೆ ನ್ಯುಮೋನಿಯಾ ಹಿಡಿದಿದೆ ಎಂದರು. ಐತಾಲಿನಾಳ ಮೂಗಿಗೆ ಕೊಳವೆ ಹಾಕುವಾಗ ಮಸಿಯನ್ನು ಒರೆಸಿದರು. ನನಗೆ ಅದೊಂದು ಅಪಶಕುನವೆಂದೇ ತೋರಿತು, ಓದಿದವಳಾಗಿ ಹಾಗೆ ಅನ್ನಿಸಬಾರದಿತ್ತು. ಡಾಕ್ಟರು, "ಇನ್ನೊಂದಿಷ್ಟು ತಡವಾಗಿದ್ರೆ..." ಎಂದು ಶುರುಮಾಡಿ, ನನ್ನ ಮುಖ ನೋಡಿ ಬೇರೆ ಮಾತಿಗೆ ಹೋದರು. ಮಾವ ಮತ್ತು ಅಗ್ರಪೇನಜ್ಜಿ ಪಟ್ಟಣದ ನೆಂಟರ ಮನೆಯಲ್ಲಿ ಉಳಿದರು.

ಮರುದಿನ ಬೆಳಕು ಹರಿದ ಮೇಲೆ ನಾನು ಕಿಟಕಿಯ ಹತ್ತಿರ ಹೋದೆ. ಕೆಳಗೆ ರಸ್ತೆಯ ಆಚೆ, ನೆಂಟರ ಮನೆಯ ಮುಂದೆ ಗಾಡಿಗಳ ಸಾಲು. ಪ್ರತಿಯೊಂದರ ಬಾಲದಲ್ಲೂ ಬಿಳಿ ಹೊಗೆ. ಕೊನೆಯದಕ್ಕೆ ಹೊಗೆ ಇರಲಿಲ್ಲ. ಅದು ನಮ್ಮ ಬೂದು ಬ್ರೆಡ್ಡು. ಮತ್ತೆ ಎಣ್ಣೆ ಕಕ್ಕಿತೇ? ರಾತ್ರಿ ತಾನಾಗಿಯೇ ನಿಂತುಹೋಯಿತೇ? ಮಗುವನ್ನು ಮುಂದೆ ದೊಡ್ಡ ಊರಿಗೆ ಸಾಗಿಸಬೇಕೆಂದರೆ ಏನು ಗತಿ?

ಅಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ಮಾವ ಬಿಸಿ ಎಣ್ಣೆಯ ಬಕೆಟ್ಟು ಹಿಡಿದು ಬಂದರು, ಅದರಿಂದ ಹಬೆ ಏಳುತ್ತಿತ್ತು. ರಾತ್ರಿ ತಾವೇ ಗಾಡಿ ಆಫ್ ಮಾಡಿ ಬಸಿದಿಟ್ಟ ಎಣ್ಣೆ. ಇನ್ನೊಂದು ಕೈಯಲ್ಲಿ ಲ್ಯಾಂಪು. ಹಿಂದೆ ಅಗ್ರಪೇನಜ್ಜಿ. ಅವಳು ಜಡೆಯನ್ನು ಕೋಟಿನ ಒಳಗೆ ಸೇರಿಸಿಕೊಂಡು, ಗಾಡಿಯ ಬಾಗಿಲಿಗೆ ಕೈ ಹಾಕಿದಳು. ಮಾವ ಏನೋ ಹೇಳಿದರು. ಅವಳು ಕೈ ತೆಗೆದು, ಬೇಕಿದ್ದರೆ ಹಾಗೇ ಆಗಲಿ ಎಂಬಂತೆ ದೂರ ಹೋಗಿ ನಿಂತಳು. ಗಾಜಿನ ಆಚೆ ಮಾತು ಕೇಳಿಸದು, ಬಾಯಿ ಆಡುತ್ತಿದ್ದದ್ದು ಮಾತ್ರ ಕಾಣುತ್ತಿತ್ತು, ಹೊಸ ಹಲ್ಲಿನ ಬಿಳುಪು ಸಮೇತ.

ಮಾವ ಒಂದೊಂದು ಜಾಯಿಂಟಿಗೂ ಮೂಗಿಟ್ಟರು. ಮೊಣಕಾಲೂರಿದರು. ಕಡ್ಡಿ ಗೀರಿದರು, ಅದು ಆರಿತು. ಇನ್ನೊಂದು ಗೀರಿದರು.

ನೀಲಿ ಎದ್ದಿತೋ ಇಲ್ಲವೋ ನೋಡಲಾಗಲಿಲ್ಲ. ಹಿಂದೆ ಐತಾಲಿನಾ ಕೆಮ್ಮಿದಳು, ನಾನು ಓಡಿದೆ. ಕೈ ಒಳಗಿಟ್ಟು ಎದೆ ಮುಟ್ಟಿಕೊಂಡು ಕೂತೆ. ಸ್ವಲ್ಪ ಹೊತ್ತಾದ ಮೇಲೆ ರಸ್ತೆಯ ಕಡೆಯಿಂದ ಯಾವುದೋ ಎಂಜಿನ್ನು ಸ್ಟಾರ್ಟ್ ಆದ ಸದ್ದು ಬಂತು. ನಮ್ಮದರ ದನಿಯೇ ಅದು, ಒಂದಿಷ್ಟು ಕೆಮ್ಮಿ, ಆಮೇಲೆ ಗುರ್ ಎಂದು.